ಹ್ಯಾಸ್ಕೆಲ್‌ನಲ್ಲಿ ಡಾಟ್ ಯಾವಾಗ, ಡಾಲರ್ ಯಾವಾಗ? ಬ್ರಾಕೆಟ್ ತೆಗೆಯೋಕೆ ಹೋದ್ರೆ ಎರರ್ ಬರ್ತಿದೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷದಿಂದ ಜಾವಾದಲ್ಲಿ ಕೆಲಸ ಮಾಡ್ತಿದೀನಿ, ಈಗ ಎರಡು ತಿಂಗಳಿಂದ ರಾತ್ರಿ ಊಟ ಆದ್ಮೇಲೆ ಒಂದು ಗಂಟೆ ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಿದೀನಿ. ಪುಸ್ತಕದ ಲೆಕ್ಕಗಳನ್ನೇ ಮಾಡ್ತಾ ಕೂತ್ರೆ ತಲೆಗೆ ಹತ್ತಲ್ಲ ಅಂತ ಮನೆಯದೇ ಒಂದು ಕೆಲಸ ಹಿಡ್ಕೊಂಡಿದೀನಿ. ಊರಲ್ಲಿ ಅಪ್ಪ ಡೈರಿಗೆ ಹಾಲು ಹಾಕ್ತಾರೆ, ಬೆಳಗ್ಗೆ ಒಂದು ಚೀಟಿ ಸಂಜೆ ಒಂದು ಚೀಟಿ, ಚೀಟಿಯಲ್ಲಿ ತಾರೀಖು, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಅದರ ಮೇಲೆ ಲೀಟರಿಗೆ ಎಷ್ಟು ದರ ಇಷ್ಟು ಇರುತ್ತೆ. ಆ ಚೀಟಿಗಳನ್ನೆಲ್ಲ ಒಂದು ಪಟ್ಟಿಯಾಗಿ ಇಟ್ಕೊಂಡು ತಿಂಗಳ ಲೆಕ್ಕ ತೆಗೀಬೇಕು, ಅಷ್ಟೇ.

ಜೂನ್ ತಿಂಗಳ ಹಣಕ್ಕೆ ಮೊದಲು ಹೀಗೆ ಬರೆದೆ (ಓದೋಕೆ ಸುಲಭ ಆಗ್ಲಿ ಅಂತ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಹಾಕ್ತಿದೀನಿ):

`ಸಮ್ (ಮ್ಯಾಪ್ ಹಣ (ಫಿಲ್ಟರ್ ಜೂನ್‌ದಾ ಚೀಟಿಗಳು))`

ಇಲ್ಲಿ `ಜೂನ್‌ದಾ` ಅನ್ನೋದು ಚೀಟಿ ತಗೊಂಡು ಹೌದು ಅಥವಾ ಇಲ್ಲ ಅನ್ನುತ್ತೆ, `ಹಣ` ಅನ್ನೋದು ಲೀಟರನ್ನ ದರದಿಂದ ಗುಣಿಸಿ ಕೊಡುತ್ತೆ. ಫಿಲ್ಟರ್ ಹೌದು ಅಂದ ಚೀಟಿಗಳನ್ನ ಆರಿಸುತ್ತೆ, ಮ್ಯಾಪ್ ಒಂದೊಂದಕ್ಕೂ `ಹಣ` ನಡೆಸುತ್ತೆ, ಸಮ್ ಎಲ್ಲ ಕೂಡಿಸುತ್ತೆ. ಇದು ಸರಿಯಾಗಿ ಓಡ್ತು. ಆಮೇಲೆ ನೆಟ್ಟಲ್ಲಿ ಬೇರೆಯವರ ಕೋಡ್ ನೋಡಿದ್ರೆ ಯಾರೂ ಇಷ್ಟು ಬ್ರಾಕೆಟ್ ಹಾಕಲ್ಲ, ಡಾಲರ್ ಹಾಕ್ತಾರೆ, ಸರಿ ಅಂತ ನಾನೂ ಹಾಕ್ದೆ:

`ಸಮ್ $ ಮ್ಯಾಪ್ ಹಣ $ ಫಿಲ್ಟರ್ ಜೂನ್‌ದಾ ಚೀಟಿಗಳು`

ಇದೂ ಓಡ್ತು. ಇನ್ನೊಂದು ಕಡೆ ಡಾಲರ್ ಬದಲು ಡಾಟ್ ಹಾಕಿದ್ದು ನೋಡಿದೆ, ಎರಡೂ ಒಂದೇ ಇರ್ಬೇಕು ಅಂದ್ಕೊಂಡು ಬದಲಾಯಿಸಿದೆ:

`ಸಮ್ . ಮ್ಯಾಪ್ ಹಣ . ಫಿಲ್ಟರ್ ಜೂನ್‌ದಾ ಚೀಟಿಗಳು`

ಇದಕ್ಕೆ ಕಂಪೈಲರ್ ಉದ್ದ ಎರರ್ ಕೊಡ್ತು. ಫಂಕ್ಷನ್ ಬೇಕಿದ್ದ ಕಡೆ ಚೀಟಿಗಳ ಪಟ್ಟಿ ಸಿಕ್ಕಿದೆ, ಫಿಲ್ಟರ್‌ಗೆ ಆರ್ಗ್ಯುಮೆಂಟ್ (ಕೊಡೋ ವ್ಯಾಲ್ಯೂ) ಜಾಸ್ತಿ ಆಗಿರಬಹುದು ಅನ್ನುತ್ತೆ. ಫಿಲ್ಟರ್‌ಗೆ ನಾನು ಎರಡೇ ಕೊಟ್ಟಿರೋದು, ಅದಕ್ಕೆ ಬೇಕಿರೋದೂ ಎರಡೇ, ಜಾಸ್ತಿ ಎಲ್ಲಿಂದ ಆಯ್ತು? ಕೊನೆಗೆ ಅಲ್ಲಿ ಇಲ್ಲಿ ಬದಲಾಯಿಸ್ತಾ ಬದಲಾಯಿಸ್ತಾ ಇದು ಓಡ್ತು:

`ಸಮ್ . ಮ್ಯಾಪ್ ಹಣ . ಫಿಲ್ಟರ್ ಜೂನ್‌ದಾ $ ಚೀಟಿಗಳು`

ಓಡ್ತು, ಆದ್ರೆ ಯಾಕೆ ಓಡ್ತು ಅಂತ ಗೊತ್ತಿಲ್ಲ, ಅದೇ ಬೇಜಾರು. ಇನ್ನೊಂದು, ಡಾಲರಿನ ಡೆಫಿನಿಷನ್ ತೆಗೆದು ನೋಡಿದ್ರೆ `ಎಫ್ $ ಎಕ್ಸ್ = ಎಫ್ ಎಕ್ಸ್` ಅಂತ ಅಷ್ಟೇ ಇದೆ. ಏನೂ ಮಾಡದ ಆಪರೇಟರ್ ಯಾಕೆ ಬೇಕು? ಯಾರಾದ್ರೂ ಬಿಡಿಸಿ ಹೇಳ್ತೀರಾ.

---

ಶಿರಸಿಲ್ಯಾಂಬ್ಡಾ

ತುಂಗಾತೀರ ಅವ್ರೇ, ಒಳ್ಳೆ ಉದಾಹರಣೆ ತಗೊಂಡಿದೀರಿ, ಅದನ್ನೇ ಇಟ್ಕೊಂಡು ಹೇಳ್ತೀನಿ.

ಮೊದಲು ಒಂದು ವಿಷಯ. ಹ್ಯಾಸ್ಕೆಲ್‌ನಲ್ಲಿ ಫಂಕ್ಷನ್ ಪಕ್ಕ ಜಾಗ ಬಿಟ್ಟು ಏನಾದ್ರೂ ಬರೆದ್ರೆ ಅದೇ ಅಪ್ಲಿಕೇಶನ್, ಅಂದ್ರೆ ಫಂಕ್ಷನ್ನಿಗೆ ಅದನ್ನ ಹಾಕೋದು, ಮತ್ತೆ ಅದು ಎಲ್ಲಕ್ಕಿಂತ ಗಟ್ಟಿಯಾಗಿ ಅಂಟುತ್ತೆ. ಆಪರೇಟರ್‌ಗಳಿಗೆ 0 ಇಂದ 9 ರ ತನಕ ಪ್ರಿಸಿಡೆನ್ಸ್ (ಎಷ್ಟು ಗಟ್ಟಿಯಾಗಿ ಅಂಟುತ್ತೆ ಅನ್ನೋ ಅಂಕಿ) ಇದೆ, ಡಾಟ್ 9 ರಲ್ಲಿ, ಅಂದ್ರೆ ಎಲ್ಲಾ ಆಪರೇಟರ್‌ಗಳಿಗಿಂತ ಮೇಲೆ. ಡಾಲರ್ 0 ರಲ್ಲಿ, ಎಲ್ಲಕ್ಕಿಂತ ಕೆಳಗೆ. ಆದ್ರೆ ಪಕ್ಕಪಕ್ಕ ಬರೆಯೋ ಅಪ್ಲಿಕೇಶನ್ ಆ 9 ಕ್ಕಿಂತಲೂ ಮೇಲೆ. ನಿಮ್ಮ ಮೂರನೇ ಸಾಲನ್ನ ಕಂಪೈಲರ್ ಓದೋದು ಹೀಗೆ:

`ಸಮ್ . (ಮ್ಯಾಪ್ ಹಣ) . (ಫಿಲ್ಟರ್ ಜೂನ್‌ದಾ ಚೀಟಿಗಳು)`

ಕೊನೆಯ ಬ್ರಾಕೆಟ್ ನೋಡಿ. ಅದು ಆಗ್ಲೇ ಲೆಕ್ಕ ಮುಗಿದು ಜೂನ್ ಚೀಟಿಗಳ ಪಟ್ಟಿ ಆಗಿಬಿಟ್ಟಿದೆ, ಡಾಟ್‌ಗೆ ಆ ಜಾಗದಲ್ಲಿ ಪಟ್ಟಿ ಬೇಡ, ಫಂಕ್ಷನ್ ಬೇಕು. ಎರಡರ ಟೈಪನ್ನೂ (ಏನು ತಗೊಂಡು ಏನು ಕೊಡುತ್ತೆ ಅನ್ನೋದು) ಪಕ್ಕದಲ್ಲಿಟ್ಟು ನೋಡಿ:

`($) :: (ಎ -> ಬಿ) -> ಎ -> ಬಿ`
`(.) :: (ಬಿ -> ಸಿ) -> (ಎ -> ಬಿ) -> (ಎ -> ಸಿ)`

ಡಾಲರ್ ಒಂದು ಫಂಕ್ಷನ್ ತಗೊಂಡು ಒಂದು ವ್ಯಾಲ್ಯೂ ತಗೊಂಡು ಉತ್ತರ ಕೊಡುತ್ತೆ, ಕೆಲಸ ಅಲ್ಲಿಗೆ ಆಯ್ತು. ಡಾಟ್ ಎರಡು ಫಂಕ್ಷನ್ ತಗೊಂಡು ಮೂರನೇ ಫಂಕ್ಷನ್ ಕೊಡುತ್ತೆ, ಅಂದ್ರೆ ಕೆಲಸ ಇನ್ನೂ ಶುರುವೇ ಆಗಿಲ್ಲ, ಎರಡು ಯಂತ್ರಗಳನ್ನ ಒಂದರ ಹಿಂದೆ ಒಂದು ಜೋಡಿಸಿ ಇಟ್ಟಹಾಗೆ. ಹಾಲು ಇನ್ನೂ ಹಾಕಿಲ್ಲ.

ಈಗ ಕಂಪೈಲರ್ ಹೇಳಿದ ಮಾತು ಅರ್ಥ ಆಗುತ್ತೆ. ಫಿಲ್ಟರ್‌ಗೆ ಒಂದೇ ಆರ್ಗ್ಯುಮೆಂಟ್ ಕೊಟ್ಟು ಬಿಟ್ಟಿದ್ರೆ `ಫಿಲ್ಟರ್ ಜೂನ್‌ದಾ` ಅನ್ನೋದು ಇನ್ನೂ ಪಟ್ಟಿಗೆ ಕಾಯ್ತಿರೋ ಫಂಕ್ಷನ್, ಡಾಟ್‌ಗೆ ಬೇಕಾಗಿದ್ದು ಅದೇ. ನೀವು ಚೀಟಿಗಳನ್ನೂ ಕೊಟ್ರಿ, ಫಂಕ್ಷನ್ ಹೋಗಿ ಪಟ್ಟಿ ಆಯ್ತು. ಅದಕ್ಕೆ "ಒಂದು ಜಾಸ್ತಿ ಆಯ್ತು" ಅಂತಿದೆ. ಡಾಟ್ ಇರೋ ಸಾಲಲ್ಲಿ ಈ ಮೆಸೇಜ್ ಬಂದ್ರೆ ಹತ್ತಕ್ಕೆ ಒಂಬತ್ತು ಸಲ ಕೊನೆಯ ವ್ಯಾಲ್ಯೂ ಹಿಂದೆ ಡಾಲರ್ ಬಿಟ್ಟುಹೋಗಿರುತ್ತೆ, ನನ್ನ ಅನುಭವ.

ನಾಲ್ಕನೇದು ಓಡಿದ್ದು ಯಾಕೆ ಅಂದ್ರೆ ಡಾಲರಿನ ಪ್ರಿಸಿಡೆನ್ಸ್ 0, ಅದು ಎಡಗಡೆ ಇರೋದೆಲ್ಲ ಒಟ್ಟಾಗೋ ತನಕ ಕಾಯುತ್ತೆ:

`(ಸಮ್ . ಮ್ಯಾಪ್ ಹಣ . ಫಿಲ್ಟರ್ ಜೂನ್‌ದಾ) (ಚೀಟಿಗಳು)`

ಎಡಗಡೆ ಒಂದೇ ದೊಡ್ಡ ಫಂಕ್ಷನ್, ಬಲಗಡೆ ಅದಕ್ಕೆ ಹಾಕೋ ವ್ಯಾಲ್ಯೂ. "ಏನೂ ಮಾಡದ ಆಪರೇಟರ್" ಅಂದ್ರಲ್ಲ, ಅದರ ಕೆಲಸ ಇರೋದೇ ಆ ಕಾಯೋದ್ರಲ್ಲಿ. ಅರ್ಥ ಪಕ್ಕದಲ್ಲಿ ಜಾಗ ಬಿಟ್ಟು ಬರೆದಷ್ಟೇ, ಆದ್ರೆ ಅಂಟೋ ಬಲ ಪೂರ್ತಿ ಉಲ್ಟಾ.

ಜಾವಾ ಗೊತ್ತಿರೋದ್ರಿಂದ ಹೇಳ್ತೀನಿ, 2014 ರಲ್ಲಿ ಬಂದ ಜಾವಾ 8 ರ ಫಂಕ್ಷನ್ ಇಂಟರ್ಫೇಸಲ್ಲಿ ಕಂಪೋಸ್ ಮತ್ತೆ ಆಂಡ್‌ದೆನ್ ಅಂತ ಎರಡು ಮೆಥಡ್ ಇದಾವೆ. ನಮ್ಮ ಡಾಟ್ ಅಲ್ಲಿನ ಕಂಪೋಸ್. ನಮ್ಮ ಡಾಲರ್ ಅಲ್ಲಿನ ಅಪ್ಲೈ. ಕಂಪೋಸ್ ಮಾಡೋದನ್ನೂ ಅಪ್ಲೈ ಮಾಡೋದನ್ನೂ ಜಾವಾದಲ್ಲಿ ನೀವು ಯಾವತ್ತೂ ಒಂದೇ ಅಂದ್ಕೊಂಡಿರಲ್ಲ, ಇಲ್ಲಿ ಎರಡೂ ಒಂದೊಂದೇ ಅಕ್ಷರ ಆಗಿರೋದ್ರಿಂದ ಕಣ್ಣಿಗೆ ಒಂದೇ ಥರ ಕಾಣುತ್ತೆ.

---

ತುಂಗಾತೀರ

ಶಿರಸಿಲ್ಯಾಂಬ್ಡಾ ಸರ್, ತುಂಬಾ ಥ್ಯಾಂಕ್ಸ್. "ಹಾಲು ಇನ್ನೂ ಹಾಕಿಲ್ಲ" ಅಂದಿದ್ದು ಸರಿಯಾಗಿ ತಲೇಲಿ ಕೂತ್ಕೊಂತು. ಅದನ್ನ ಇಟ್ಕೊಂಡು ಪರೀಕ್ಷೆ ಮಾಡೋಣ ಅಂತ `ಸಮ್ . ಮ್ಯಾಪ್ ಹಣ $ ಫಿಲ್ಟರ್ ಜೂನ್‌ದಾ $ ಚೀಟಿಗಳು` ಅಂತ ಬರೆದೆ, ಓಡುತ್ತೆ ಅಂತ ಮೊದಲೇ ಅಂದಾಜು ಮಾಡ್ದೆ, ಓಡ್ತು. ಯಾಕಂದ್ರೆ ಮೊದಲ ಡಾಲರಿನ ಬಲಗಡೆ ಬರೋದು ಪಟ್ಟಿ, ಎಡಗಡೆ ಇರೋದು ಎರಡು ಯಂತ್ರ ಸೇರಿದ ಒಂದು ಯಂತ್ರ.

ಆದ್ರೂ ಒಂದು ಕಷ್ಟ ಉಳೀತು. ಇದನ್ನೆಲ್ಲ ಬಲದಿಂದ ಎಡಕ್ಕೆ ಓದ್ಬೇಕಲ್ಲ. ಮೊದಲು ನಡೆಯೋ ಫಿಲ್ಟರ್ ಕೊನೇಲಿ, ಕೊನೇಲಿ ನಡೆಯೋ ಸಮ್ ಮೊದಲು. ಜಾವಾ ಸ್ಟ್ರೀಮಲ್ಲಿ ಚೀಟಿಗಳು, ಫಿಲ್ಟರ್, ಮ್ಯಾಪ್, ಸಮ್ ಅಂತ ನಡೆಯೋ ಕ್ರಮದಲ್ಲೇ ಬರ್ಕೊಂಡು ಹೋಗ್ತಿದ್ದೆ. ಇದು ಅಭ್ಯಾಸ ಆಗ್ಬೇಕಾ ಅಥವಾ ಬೇರೆ ದಾರಿ ಇದೆಯಾ?

---

ದೋಸೆಹಿಟ್ಟು

ದಾರಿ ಇದೆ. ನಾನು ಕೆಲಸದಲ್ಲಿ ಎಫ್ ಶಾರ್ಪ್ ಬರೆಯೋಳು, ಮನೇಲಿ ಸ್ವಲ್ಪ ಎಲಿಕ್ಸಿರ್. ಈ ಎರಡು ಭಾಷೇಲೂ ಪೈಪ್ ಆಪರೇಟರ್ `|>` ಇದೆ, ವ್ಯಾಲ್ಯೂ ಎಡಗಡೆ, ಫಂಕ್ಷನ್ ಬಲಗಡೆ:

`ಚೀಟಿಗಳು |> ಫಿಲ್ಟರ್ ಜೂನ್‌ದಾ |> ಮ್ಯಾಪ್ ಹಣ |> ಸಮ್`

ಇದೂ ಅಪ್ಲಿಕೇಶನ್ನೇ, ಡಾಲರನ್ನ ತಿರುಗಿಸಿ ಇಟ್ಟಿದ್ದು. ಹ್ಯಾಸ್ಕೆಲ್‌ನಲ್ಲೂ ಇದೆ, ಡೇಟಾ.ಫಂಕ್ಷನ್ ಮಾಡ್ಯೂಲಲ್ಲಿ `&` ಅಂತ, 2015 ರ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 7.10 ಜೊತೆ ಬಂತು. ಕಂಪೋಸಿಷನ್ನಿಗೂ (ಡಾಟ್ ಮಾಡೋ ಜೋಡಣೆ) ತಿರುಗಿಸಿದ್ದು ಬೇಕು ಅಂದ್ರೆ ಕಂಟ್ರೋಲ್.ಕ್ಯಾಟಗರಿಯಲ್ಲಿ `>>>` ಇದೆ, ಎಫ್ ಶಾರ್ಪಲ್ಲಿ ಅದೇ `>>`. ಅಂದ್ರೆ ಒಟ್ಟು ನಾಲ್ಕು: ಹಾಕೋದು ಮತ್ತೆ ಜೋಡಿಸೋದು, ಪ್ರತಿಯೊಂದಕ್ಕೂ ಎರಡು ದಿಕ್ಕು.

ನಂಗೆ ಇದರಲ್ಲಿ ನಿಜವಾಗ್ಲೂ ಖುಷಿ ಕೊಟ್ಟ ವಿಷಯ ಒಂದಿದೆ, ಹೇಳಲೇಬೇಕು. ಅಡುಗೆಮನೇಲಿ ಅಮ್ಮ ಹೇಳೋದು ಹೇಗೆ? "ಅಕ್ಕಿ ತೊಳೆದು ನೆನೆಸಿ ರುಬ್ಬಿ ಹುದುಗು ಬರೋಕೆ ಇಡು." ಅಕ್ಕಿ ಮೊದಲು ಬಂತು, ಆಮೇಲೆ ಕ್ರಿಯೆಗಳು ನಡೆಯೋ ಕ್ರಮದಲ್ಲಿ ಒಂದಾದ್ಮೇಲೆ ಒಂದು, ಮಧ್ಯದ ಕ್ರಿಯೆಗಳೆಲ್ಲ ತೊಳೆದು, ನೆನೆಸಿ, ರುಬ್ಬಿ ಅಂತ ಮುಂದಿನದಕ್ಕೆ ಕೈ ಚಾಚ್ಕೊಂಡೇ ನಿಂತಿರ್ತಾವೆ. ನಮ್ಮ ಭಾಷೇಲಿ ಆ "ದು" "ಇ" ಇದೆಯಲ್ಲ, ಅದೇ ನಮ್ಮ ಪೈಪು. ಸಂಬಂಧ ಹೇಳೋದೂ ಅಷ್ಟೇ, "ಅಪ್ಪನ ತಂಗಿಯ ಮಗನ ಹೆಂಡತಿ" ಅಂದ್ರೆ ಅಪ್ಪನಿಂದ ಹೊರಟು ಒಂದೊಂದೇ ಹೆಜ್ಜೆ ಮುಂದಕ್ಕೆ. ಡಾಟ್ ಮತ್ತೆ ಡಾಲರ್ ಇರೋದು ಗಣಿತದ ಬರವಣಿಗೆ ಕ್ರಮದಲ್ಲಿ, ಫಂಕ್ಷನ್ ಹೆಸರು ಮೊದಲು, ಬ್ರಾಕೆಟ್ ಒಳಗೆ ಎಕ್ಸ್. ಪಿಯುಸಿಯಲ್ಲಿ "ಜಿ ಓ ಎಫ್" ಮಾಡಿರ್ತೀರಿ, ಅದರಲ್ಲೂ ಮೊದಲು ನಡೆಯೋದು ಎಫ್, ಆಮೇಲೆ ಜಿ. ಆಗ ಎಷ್ಟು ಜನಕ್ಕೆ ಅದು ತಿರುಗಾ ಮುರುಗಾ ಆಗ್ತಿತ್ತು. ಕನ್ನಡದಲ್ಲಿ ಯೋಚನೆ ಮಾಡೋರಿಗೆ ಎಡದಿಂದ ಬಲಕ್ಕೆ ಹೋಗೋದು ಸುಲಭ ಅನ್ಸಿದ್ರೆ ಅದರಲ್ಲಿ ತಪ್ಪೇನಿಲ್ಲ.

ಇನ್ನೂ ಒಂದು. ಅದೇ ವಾಕ್ಯದಲ್ಲಿ ಅಕ್ಕಿ ತೆಗೆದುಬಿಡಿ: "ತೊಳೆದು ನೆನೆಸಿ ರುಬ್ಬೋದು." ಈಗ ಅದು ಮಾಡಿದ ಕೆಲಸ ಅಲ್ಲ, ಮಾಡೋ ವಿಧಾನ. ಉದ್ದಿನಬೇಳೆಗೂ ನಡೆಯುತ್ತೆ, ಹೆಸರುಕಾಳಿಗೂ ನಡೆಯುತ್ತೆ. ಅದೇ ಕಂಪೋಸಿಷನ್. ಪದಾರ್ಥ ಹೇಳಿದ್ರೆ `&`, ಪದಾರ್ಥ ಹೇಳದೆ ವಿಧಾನ ಮಾತ್ರ ಹೇಳಿದ್ರೆ `>>>`. ನಾನು ಹೊಸಬರಿಗೆ ಹೇಳಿಕೊಡುವಾಗ ಹೀಗೇ ಹೇಳೋದು, ಡಾಟ್ ಡಾಲರ್ ವ್ಯತ್ಯಾಸವೂ ಇದೇ, ದಿಕ್ಕು ಮಾತ್ರ ಬೇರೆ.

ಎಫ್ ಶಾರ್ಪಲ್ಲಿ ಪೈಪಿನಿಂದ ಇನ್ನೊಂದು ದೊಡ್ಡ ಉಪಯೋಗ ಇದೆ, ಅಲ್ಲಿ ಟೈಪ್ ಕಂಡುಹಿಡಿಯೋದು ಎಡದಿಂದ ಬಲಕ್ಕೆ ಹೋಗುತ್ತೆ. ಸ್ಟ್ರಿಂಗ್ ಪಟ್ಟಿ ಮೇಲೆ ಮ್ಯಾಪ್ ಮಾಡಿ ಒಳಗಿನ ಲ್ಯಾಂಬ್ಡಾದಲ್ಲಿ (ಹೆಸರಿಲ್ಲದ ಸಣ್ಣ ಫಂಕ್ಷನ್) `ಸ.ಲೆಂಗ್ತ್` ಅಂತ ಬರೆದ್ರೆ, ಪಟ್ಟಿ ಕೊನೇಲಿ ಬಂದಿದ್ರೆ ಎರರ್, ಯಾಕಂದ್ರೆ ಲ್ಯಾಂಬ್ಡಾ ನೋಡೋ ಹೊತ್ತಿಗೆ `ಸ` ಏನು ಅಂತ ಕಂಪೈಲರ್‌ಗೆ ಇನ್ನೂ ಗೊತ್ತಿಲ್ಲ. ಪೈಪ್ ಹಾಕಿ ಪಟ್ಟಿ ಮೊದಲು ಕೊಟ್ರೆ ಅದೇ ಕೋಡ್ ಓಡುತ್ತೆ. ಹಾಗಾಗಿ ಅಲ್ಲಿ ಪೈಪು ಅನ್ನೋದು ಚೆಂದಕ್ಕೆ ಮಾತ್ರ ಅಲ್ಲ. ಎಲಿಕ್ಸಿರಿನ ಪೈಪ್ ಮಾತ್ರ ಸ್ವಲ್ಪ ಬೇರೆ, ಅದು ಮ್ಯಾಕ್ರೋ (ಕೋಡನ್ನೇ ಬದಲಾಯಿಸಿ ಬರೆಯೋದು), ಎಡಗಡೆ ಇರೋದನ್ನ ಬಲಗಡೆ ಕರೆಯೋ ಫಂಕ್ಷನ್ನಿನ ಮೊದಲನೇ ಆರ್ಗ್ಯುಮೆಂಟ್ ಜಾಗಕ್ಕೆ ತುರುಕುತ್ತೆ. ಎಫ್ ಶಾರ್ಪಲ್ಲಿ ಅದು ಹೋಗೋದು ಕೊನೆಯ ಜಾಗಕ್ಕೆ. ಎರಡೂ ಭಾಷೆ ಒಟ್ಟಿಗೆ ಬರೆಯುವಾಗ ಇದು ಕೈ ತಪ್ಪುತ್ತೆ.

---

ಬಯಲಸೀಮಿ_ಬಿಟ್ಸ್

ದೋಸೆಹಿಟ್ಟು ಅಕ್ಕಾರ ಹೇಳಿದ್ದು ಛಲೋ ಐತ್ರಿ, ಆದ್ರ ನಂದು ಒಂದು ತಕರಾರು ಐತಿ. ದಿಕ್ಕಿಗೆ ಅಷ್ಟು ಮಹತ್ವ ಕೊಟ್ರ ಡಾಟಿನ ನಿಜವಾದ ಬೆಲಿ ಮರ್ತು ಹೋಗ್ತೈತಿ. ಅದನ್ನ ಹೇಳಾಕ ಬರ್ಯಾಕತ್ತೀನಿ.

ತುಂಗಾತೀರ ಅವರ, ನಿಮ್ಮ ಡಾಲರ್ ಸಾಲು ತಗೋರಿ. `ಸಮ್ $ ಮ್ಯಾಪ್ ಹಣ $ ಫಿಲ್ಟರ್ ಜೂನ್‌ದಾ ಚೀಟಿಗಳು`. ಇದರಾಗಿನ ಮೊದಲಿನ ತುಂಡು `ಸಮ್ $ ಮ್ಯಾಪ್ ಹಣ` ಅಷ್ಟ ಕತ್ತರಿಸಿ ಬ್ಯಾರೆ ಹೆಸರು ಕೊಡ್ರಿ ನೋಡೂಣು. ಆಗಂಗಿಲ್ಲ. ಸಮ್ ಅನ್ನೂದಕ್ಕ ಪಟ್ಟಿ ಬೇಕು, ನೀವು ಕೊಟ್ಟಿದ್ದು ಫಂಕ್ಷನ್. ಡಾಲರ್ ಬಲಕ್ಕ ಅಂಟೂ ಆಪರೇಟರ್, ಹಿಂಗಾಗಿ ಬಾಲ ಹಿಡಿದ ತುಂಡಿಗೆ ಅಷ್ಟ ಅರ್ಥ ಇರ್ತೈತಿ, ನಡುವಿನ ತುಂಡಿಗೆ ಇಲ್ಲ. `&` ಹಾಕಿದ್ರೂ ಅದ ಹಣೇಬರಹ, ಅಲ್ಲಿ ಚೀಟಿಗಳಿಂದ ಸುರು ಆಗೂ ತುಂಡು ಅಷ್ಟ ನಡೀತೈತಿ.

ಈಗ ಡಾಟಿನ ಸರಪಳಿ ತಗೋರಿ. `ಸಮ್ . ಮ್ಯಾಪ್ ಹಣ . ಫಿಲ್ಟರ್ ಜೂನ್‌ದಾ`. ಎಲ್ಲಿ ಬೇಕಾದಲ್ಲಿ ಕತ್ತರಿ ಹಾಕ್ರಿ. ಎಡಗಡೆ ಎರಡು ತಗೊಂಡು `ಒಟ್ಟುಹಣ = ಸಮ್ . ಮ್ಯಾಪ್ ಹಣ` ಅನ್ರಿ, ಯಾವ ಚೀಟಿ ಪಟ್ಟಿಗೂ ನಡೀತೈತಿ. ಬಲಗಡೆ ಎರಡು ತಗೊಂಡು `ಜೂನ್‌ಹಣಗಳು = ಮ್ಯಾಪ್ ಹಣ . ಫಿಲ್ಟರ್ ಜೂನ್‌ದಾ` ಅನ್ರಿ, ಅದೂ ನಡೀತೈತಿ. ಕಾರಣ ಏನಂದ್ರ ಕಂಪೋಸಿಷನ್ ಅಸೋಸಿಯೇಟಿವ್, ಬ್ರಾಕೆಟ್ ಎಡಕ್ಕ ಹಾಕ್ರಿ ಬಲಕ್ಕ ಹಾಕ್ರಿ ಉತ್ತರ ಒಂದ. ಕೂಡಿಸೂ ಲೆಕ್ಕದಾಗ ಇರ್ತೈತಲ್ಲ ಹಂಗ. ಅದಕ್ಕ ಸೊನ್ನಿನೂ ಐತಿ, `ಐಡಿ` ಫಂಕ್ಷನ್, ಯಾವ ಕಡೆ ಜೋಡಿಸಿದ್ರೂ ಏನೂ ಬದಲಾಗಂಗಿಲ್ಲ. ಈ ಎರಡು ನಿಯಮ ಇರೂದಕ್ಕ ಕೋಡ್ ಕತ್ತರಿಸಿ ಅಂಟಿಸಾಕ ಧೈರ್ಯ ಬರ್ತೈತಿ. `ಮ್ಯಾಪ್ ಎಫ್ . ಮ್ಯಾಪ್ ಜಿ` ಅನ್ನೂದು `ಮ್ಯಾಪ್ (ಎಫ್ . ಜಿ)` ಕ್ಕ ಸಮ ಅನ್ನೂದು ಮ್ಯಾಪಿಂದ ಇನ್ನೊಂದು ನಿಯಮ, ಎರಡು ಸಲ ಪಟ್ಟಿ ಸುತ್ತೂ ಬದಲಿ ಒಂದ ಸಲ.

`>>>` ಗೂ ಈ ಗುಣ ಐತಿ ಅಂತ ಅಕ್ಕಾರು ಹೇಳಬಹುದು, ಖರೇ ಐತ್ರಿ. ನಂದು ಜಗಳ ದಿಕ್ಕಿನ ಕೂಡ ಅಲ್ಲ. ಹೊಸಬರು ಪೈಪ್ ಸಿಕ್ಕ ಕೂಡಲೇ ಎಲ್ಲಾ ಫಂಕ್ಷನ್ನೂ ಚೀಟಿಗಳು, ಆಮ್ಯಾಲ ಪೈಪ್, ಪೈಪ್, ಪೈಪ್ ಅಂತ ಉದ್ದಕ ಬರೀತಾರ, ತುಂಡಿಗೆ ಹೆಸರು ಕೊಡೂದನ್ನ ಕಲಿಯೂದಿಲ್ಲ. ಜೂನ್ ಆದ ಮ್ಯಾಲ ಜುಲೈ ಬಂದ್ರ ಅದನ್ನ ಕಾಪಿ ಮಾಡ್ತಾರ. ನಾನು ರಿವ್ಯೂ ಮಾಡೂ ಕೋಡಿನಾಗ ದಿನಾ ಇದನ್ನ ನೋಡ್ತೀನಿ, ಸಂಕಟ ಆಗ್ತೈತಿ.

ನಿಮ್ಮ ಕೋಡಿಗೆ ನನ್ನ ಸಲಹೆ:

`ತಿಂಗಳಹಣ ತಿಂ = ಸಮ್ . ಮ್ಯಾಪ್ ಹಣ . ಫಿಲ್ಟರ್ ((== ತಿಂ) . ತಿಂಗಳು)`

ಒಳಗಿನ ಸಣ್ಣ ಡಾಟ್ ನೋಡ್ರಿ, `ತಿಂಗಳು` ಚೀಟಿಯಿಂದ ತಿಂಗಳ ಸಂಖ್ಯೆ ತಗೀತೈತಿ, `(== ತಿಂ)` ಅದನ್ನ ಹೋಲಿಸ್ತೈತಿ. `ಜೂನ್‌ದಾ` ಅನ್ನೂ ಬ್ಯಾರೆ ಫಂಕ್ಷನ್ ಬೇಕ ಆಗಂಗಿಲ್ಲ. `ತಿಂಗಳಹಣ 6 ಚೀಟಿಗಳು` ಅಂದ್ರ ಜೂನ್, 7 ಅಂದ್ರ ಜುಲೈ.

---

ದೋಸೆಹಿಟ್ಟು

ಒಪ್ಪಿದೆ, ಡಾಲರ್ ಸರಪಳಿಯ ನಡುವಿನ ತುಂಡಿಗೆ ಅರ್ಥ ಇಲ್ಲ ಅನ್ನೋದು ಬಹಳ ಸರಿಯಾದ ಮಾತು, ನಾನು ಅದನ್ನ ಹೇಳಬೇಕಿತ್ತು. ಆದ್ರೆ ಉದ್ದ ಪೈಪ್ ಬರೆಯೋದು ಕೆಟ್ಟ ಅಭ್ಯಾಸ ಅಂತ ಪೂರ್ತಿ ಒಪ್ಪಲ್ಲ. ಒಂದೇ ಸಲ ನಡೆಯೋ ಕೆಲಸ, ಫೈಲ್ ಓದಿ ಸ್ವಚ್ಛ ಮಾಡಿ ಬರೆಯೋದು, ಅಂಥ ಕಡೆ ಮೇಲಿಂದ ಕೆಳಗೆ ಓದ್ಕೊಂಡು ಹೋಗೋ ಪೈಪಿಗಿಂತ ಸ್ಪಷ್ಟವಾದದ್ದು ನಾನು ನೋಡಿಲ್ಲ. ಯೂನಿಕ್ಸ್ ಪೈಪ್ ಐವತ್ತು ವರ್ಷದಿಂದ ಅದನ್ನೇ ತಾನೇ ಮಾಡ್ತಿರೋದು. ಬೆಲ್ ಲ್ಯಾಬ್ಸಲ್ಲಿ ಡಗ್ಲಸ್ ಮೆಕಿಲ್‌ರಾಯ್ 1964 ರಲ್ಲೇ ತೋಟದ ನೀರಿನ ಪೈಪ್ ಥರ ಪ್ರೋಗ್ರಾಂಗಳನ್ನ ಒಂದಕ್ಕೊಂದು ಸಿಕ್ಕಿಸೋ ಹಾಗೆ ಇರ್ಬೇಕು ಅಂತ ಬರೆದಿದ್ರು, 1973 ರಲ್ಲಿ ಕೆನ್ ಥಾಂಪ್ಸನ್ ಅದನ್ನ ಯೂನಿಕ್ಸಲ್ಲಿ ಮಾಡಿಕೊಟ್ರು. ಆಮೇಲೆ ಭಾಷೆಗಳು ಒಂದೊಂದಾಗಿ ಅದೇ ಕಡೆ ಬಂದ್ವು, ಓಕ್ಯಾಮಲ್ 4.01 ರಲ್ಲಿ 2013 ಕ್ಕೆ `|>` ಮತ್ತೆ `@@` ಎರಡೂ ಬಂತು (`@@` ಅಂದ್ರೆ ಅಲ್ಲಿನ ಡಾಲರ್), ಆರ್ ಭಾಷೆಗೆ 2021 ರಲ್ಲಿ 4.1.0 ಜೊತೆ ಬಂತು. ಇಷ್ಟು ಜನಕ್ಕೆ ಬೇಕು ಅನ್ಸಿದೆ ಅಂದ್ರೆ ಓದೋ ಕ್ರಮಕ್ಕೂ ಬೆಲೆ ಇದೆ.

---

ರಾಗಿಮುದ್ದೆ42

ಮಧ್ಯ ಬರ್ತೀನಿ, ಎರಡು ಎಚ್ಚರಿಕೆ ಮಾತ್ರ ಹೇಳಿ ಹೋಗ್ತೀನಿ, ಯಾಕಂದ್ರೆ ಡಾಟ್ ರುಚಿ ಹತ್ತಿದ್ಮೇಲೆ ಎಲ್ಲರೂ ಈ ಎರಡು ಗುಂಡಿಗೆ ಬೀಳ್ತಾರೆ.

ಒಂದು, ಎಲ್ಲಾ ಆರ್ಗ್ಯುಮೆಂಟನ್ನೂ ತೆಗೆಯೋ ಆಸೆ. ಬಯಲಸೀಮಿ ಅವರು `ತಿಂ` ಅನ್ನ ಉಳಿಸಿದಾರಲ್ಲ, ಅದನ್ನೂ ತೆಗೀಬಹುದು, ಹೀಗಾಗುತ್ತೆ:

`ತಿಂಗಳಹಣ = ((ಸಮ್ . ಮ್ಯಾಪ್ ಹಣ) .) . ಫಿಲ್ಟರ್ . (. ತಿಂಗಳು) . (==)`

ಟೈಪ್ ಸರಿ ಇದೆ, ಉತ್ತರವೂ ಅದೇ. ಆದ್ರೆ ಆರು ತಿಂಗಳು ಬಿಟ್ಟು ಬಂದು ಓದಿ ನೋಡಿ. ಡಾಟ್ ಒಂದು ಆರ್ಗ್ಯುಮೆಂಟಿನ ಫಂಕ್ಷನ್‌ಗಳ ನಡುವೆ ಚೆನ್ನಾಗಿ ಕೂರುತ್ತೆ, ಎರಡನೇ ಆರ್ಗ್ಯುಮೆಂಟ್ ಮಧ್ಯದಲ್ಲಿ ಎಲ್ಲೋ ನುಸುಳಿಸ್ಬೇಕಾದ್ರೆ ಅದಕ್ಕೊಂದು ಹೆಸರು ಕೊಟ್ಟುಬಿಡಿ. ಹರಿದು ಹೋಗೋ ಡೇಟಾ ಯಾವುದು (ಚೀಟಿಗಳು), ಸೆಟ್ಟಿಂಗ್ ಥರ ಇರೋದು ಯಾವುದು (ತಿಂಗಳು) ಅಂತ ಕೇಳ್ಕೊಳ್ಳಿ, ಹರಿಯೋದನ್ನ ಬಿಡಬಹುದು, ಸೆಟ್ಟಿಂಗನ್ನ ಹೆಸರಿಟ್ಟು ಕರೀರಿ. ಹ್ಯಾಸ್ಕೆಲ್ ಲೈಬ್ರರಿಯಲ್ಲಿ ಮ್ಯಾಪ್, ಫಿಲ್ಟರ್ ಎಲ್ಲ ಪಟ್ಟಿಯನ್ನ ಕೊನೆಯ ಆರ್ಗ್ಯುಮೆಂಟಾಗಿ ತಗೊಳೋದಕ್ಕೂ ಇದೇ ಕಾರಣ, ಕೊನೆಯದನ್ನ ಮಾತ್ರ ಸುಲಭವಾಗಿ ಬಿಡೋಕಾಗೋದು. ನೀವು ನಿಮ್ಮ ಫಂಕ್ಷನ್ ಬರೆಯುವಾಗ್ಲೂ ಆ ಕ್ರಮ ಪಾಲಿಸಿ.

ಎರಡು, ಟೈಪ್ ಸಿಗ್ನೇಚರ್ (ಡೆಫಿನಿಷನ್ ಮೇಲೆ ಅದರ ಟೈಪ್ ಹೇಳೋ ಸಾಲು) ಬರೆಯದೆ `ದುಪ್ಪಟ್ಟು = ಮ್ಯಾಪ್ (* 2)` ಅಂತ ಫೈಲಲ್ಲಿ ಬರೆದು, ಒಂದು ಕಡೆ ಇಂಟ್ (ಪೂರ್ಣಾಂಕ) ಪಟ್ಟಿಗೆ ಇನ್ನೊಂದು ಕಡೆ ಡಬಲ್ (ದಶಮಾಂಶ) ಪಟ್ಟಿಗೆ ಬಳಸಿದ್ರೆ ಎರರ್ ಬರುತ್ತೆ. ಎಡಗಡೆ ಆರ್ಗ್ಯುಮೆಂಟ್ ಇಲ್ಲದ ಡೆಫಿನಿಷನ್‌ಗೆ ಮೊನೊಮಾರ್ಫಿಸಂ ರಿಸ್ಟ್ರಿಕ್ಷನ್ ಅನ್ನೋ ನಿಯಮ ಇದೆ, ಅದು ಒಂದೇ ಟೈಪಿಗೆ ಕಟ್ಟಿಹಾಕುತ್ತೆ. ಇದರಲ್ಲಿ ಜನ ಗಂಟೆಗಟ್ಟಲೆ ಕಳೆಯೋದು ಯಾಕಂದ್ರೆ ಅದೇ ಸಾಲನ್ನ ಜಿಎಚ್‌ಸಿಐ ಪ್ರಾಂಪ್ಟಲ್ಲಿ (ಒಂದೊಂದೇ ಸಾಲು ಬರೆದು ಅಲ್ಲೇ ಓಡಿಸೋ ಕಡೆ) ಹಾಕಿದ್ರೆ ಓಡುತ್ತೆ, ಅಲ್ಲಿ ಆ ನಿಯಮ ಆಫ್ ಇರುತ್ತೆ. ಮೇಲಿನ ಸಾಲಲ್ಲಿ ಸಿಗ್ನೇಚರ್ ಬರೀರಿ, ಸಮಸ್ಯೆ ಇಲ್ಲ. ಆರ್ಗ್ಯುಮೆಂಟ್ ಬಿಟ್ಟ ಫಂಕ್ಷನ್‌ಗಂತೂ ಸಿಗ್ನೇಚರ್ ಕಡ್ಡಾಯ ಅಂದ್ಕೊಳ್ಳಿ, ಓದೋರಿಗೂ ಏನು ಒಳಗೆ ಹೋಗುತ್ತೆ ಅಂತ ಗೊತ್ತಾಗೋದು ಅದರಿಂದಲೇ.

---

ಹೊಸಕಲಿಕೆ

ಓದ್ತಾ ಇದ್ದೆ, ಒಂದು ಸಣ್ಣ ಪ್ರಶ್ನೆ. ಡಾಲರ್ ಇರೋದು ಬ್ರಾಕೆಟ್ ತಪ್ಪಿಸೋಕೆ ಮಾತ್ರನಾ? ಬೇರೆ ಏನಾದ್ರೂ ಇದೆಯಾ?

---

ಶಿರಸಿಲ್ಯಾಂಬ್ಡಾ

ಇದೆ. ಅದು ಆಪರೇಟರ್ ಆಗಿರೋದ್ರಿಂದ ಅದನ್ನೇ ಒಂದು ಫಂಕ್ಷನ್ ಆಗಿ ಬೇರೆಯವರ ಕೈಗೆ ಕೊಡಬಹುದು, ಜಾಗ ಬಿಟ್ಟು ಬರೆಯೋ ಅಪ್ಲಿಕೇಶನ್ನನ್ನ ಹಾಗೆ ಕೊಡೋಕಾಗಲ್ಲ. `ಮ್ಯಾಪ್ ($ 3) [(+ 1), (* 2)]` ಅಂದ್ರೆ 3 ನ್ನ ಎರಡೂ ಫಂಕ್ಷನ್ನಿಗೆ ಹಾಕಿ `[4, 6]` ಬರುತ್ತೆ. ಫಂಕ್ಷನ್‌ಗಳ ಪಟ್ಟಿ ಒಂದು, ವ್ಯಾಲ್ಯೂಗಳ ಪಟ್ಟಿ ಒಂದು ಇದ್ರೆ `ಜಿಪ್‌ವಿತ್ ($)` ಹಾಕಿ ಜೋಡಿಜೋಡಿಯಾಗಿ ನಡೆಸಬಹುದು. ಇದರ ತಮ್ಮ `$!` ಅಂತ ಒಂದಿದೆ, ಅದು ಆರ್ಗ್ಯುಮೆಂಟನ್ನ ಮೊದಲು ಲೆಕ್ಕ ಮಾಡಿಸಿ ಆಮೇಲೆ ಫಂಕ್ಷನ್ನಿಗೆ ಹಾಕುತ್ತೆ, ಸೋಮಾರಿ ಲೆಕ್ಕ (ಬೇಕಾಗೋ ತನಕ ಲೆಕ್ಕ ಮುಂದೂಡೋದು) ಬೇಡ ಅನ್ಸಿದಾಗ ಬೇಕಾಗುತ್ತೆ. ಮತ್ತೆ `<$>` ಅನ್ನೋದನ್ನ ಬೇಗನೇ ನೋಡ್ತೀರಿ, ಅದು ಡಬ್ಬಿ ಒಳಗಿರೋ ವ್ಯಾಲ್ಯೂ ಮೇಲೆ ಡಾಲರ್ ಹಾಕಿದ ಹಾಗೆ, ಹೆಸರಿನ ಹೋಲಿಕೆ ಬೇಕಂತಲೇ ಇಟ್ಟಿದ್ದು.

ಡು ಬ್ಲಾಕ್ (ಹೆಜ್ಜೆಗಳನ್ನ ಸಾಲಾಗಿ ಬರೆಯೋ ತುಂಡು) ಹಿಂದೆ ಡಾಲರ್ ಹಾಕೋದು ಎಲ್ಲರೂ ಮಾಡ್ತಾರೆ. 2018 ರ ಜಿಎಚ್‌ಸಿ 8.6 ರಿಂದ ಬ್ಲಾಕ್ ಆರ್ಗ್ಯುಮೆಂಟ್ಸ್ ಎಕ್ಸ್‌ಟೆನ್ಶನ್ ಆನ್ ಮಾಡಿದ್ರೆ ಅಲ್ಲಿ ಡಾಲರ್ ಇಲ್ದೆನೂ ನಡೆಯುತ್ತೆ.

---

ತುಂಗಾತೀರ

ಎಲ್ಲರಿಗೂ ಧನ್ಯವಾದ, ನಿನ್ನೆ ರಾತ್ರಿ ಕೂತು ಎಲ್ಲಾ ಮಾಡ್ದೆ. ಬಯಲಸೀಮಿ ಸರ್ ಹೇಳಿದ ಹಾಗೆ `ತಿಂಗಳಹಣ` ಬರೆದು ಮೇಲೆ ಸಿಗ್ನೇಚರ್ ಹಾಕಿದೆ, ಹನ್ನೆರಡು ತಿಂಗಳಿಗೂ ಒಂದೇ ಫಂಕ್ಷನ್. ಫೈಲ್ ಓದಿ ಸಾಲು ಸಾಲಾಗಿ ಚೀಟಿ ಮಾಡೋ ಕಡೆ ಮಾತ್ರ ದೋಸೆಹಿಟ್ಟು ಮೇಡಂ ಹೇಳಿದ `&` ಇಟ್ಕೊಂಡಿದೀನಿ, ಅದನ್ನ ಅಪ್ಪನಿಗೆ ಓದಿ ಹೇಳಿದ್ರೂ ಕ್ರಮ ಅರ್ಥ ಆಗುತ್ತೆ.

ಜೂನ್ ಮೊತ್ತ ಪಾಸ್‌ಬುಕ್ಕಿಗೆ ತಾಳೆ ಆಗ್ಲಿಲ್ಲ. ಫೋನ್ ಮಾಡಿ ಕೇಳಿದ್ರೆ ಆ ತಿಂಗಳು ಹಿಂಡಿ ತಗೊಂಡಿದ್ದಕ್ಕೆ ಡೈರಿಯವರು ದುಡ್ಡು ಹಿಡ್ಕೊಂಡಿದಾರಂತೆ. ಸರಿ, ಸರಪಳಿ ಮುಂದೆ ಇನ್ನೊಂದು ಯಂತ್ರ ಜೋಡಿಸಿದ್ರಾಯ್ತು ಅಂತ `(- ಹಿಂಡಿ) . ಸಮ್ . ಮ್ಯಾಪ್ ಹಣ` ಅಂತ ಹಾಕಿದೆ, ಮತ್ತೆ ಎರರ್. `(* 2)` ನಡೆಯುತ್ತೆ, `(== 6)` ನಡೆಯುತ್ತೆ, ಇದು ಯಾಕೆ ನಡೆಯಲ್ಲ? ಫಂಕ್ಷನ್ ಬೇಕಿದ್ದ ಕಡೆ ಡಬಲ್ ಇದೆ ಅನ್ನುತ್ತೆ.

---

ಶಿರಸಿಲ್ಯಾಂಬ್ಡಾ

ಮೈನಸ್ ಒಂದೇ ಇದಕ್ಕೆ ಅಪವಾದ. `(- ಹಿಂಡಿ)` ಅಂದ್ರೆ ಹ್ಯಾಸ್ಕೆಲ್ ಅದನ್ನ "ಹಿಂಡಿ ಕಳೆಯೋ ಫಂಕ್ಷನ್" ಅಂತ ಓದಲ್ಲ, ಋಣ ಸಂಖ್ಯೆ ಅಂತ ಓದುತ್ತೆ. ಮೆಸೇಜ್ ಈ ಸಲ ನೀವೇ ಸರಿಯಾಗಿ ಓದಿದೀರಿ, ಡಾಟಿನ ಎಡಗಡೆ ಫಂಕ್ಷನ್ ಇಲ್ಲ, ಬರೀ ಸಂಖ್ಯೆ ಇದೆ. ಇದಕ್ಕಂತಲೇ `ಸಬ್‌ಟ್ರ್ಯಾಕ್ಟ್` ಅಂತ ಒಂದು ಫಂಕ್ಷನ್ ಮೊದಲಿಂದ ಇಟ್ಟಿದಾರೆ:

`ಸಬ್‌ಟ್ರ್ಯಾಕ್ಟ್ ಹಿಂಡಿ . ಸಮ್ . ಮ್ಯಾಪ್ ಹಣ . ಫಿಲ್ಟರ್ ((== 6) . ತಿಂಗಳು) $ ಚೀಟಿಗಳು`

---

ತುಂಗಾತೀರ

ತಾಳೆ ಆಯ್ತು ಸರ್, ಪೈಸೆ ಸಮೇತ. ಹಿಂಡಿ ಲೆಕ್ಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ, ಅದನ್ನೂ `ತಿಂ` ಪಕ್ಕದಲ್ಲಿ ಹೆಸರಿಟ್ಟು ಕೊಡ್ತೀನಿ.